ಅಜ್ಜಿ ನಂಬಿಬಿಟ್ಟರೆ ಮಗು ಏನು ಮಾಡಬೇಕು?

ಪ್ರಶ್ನೆ: ಮಲೆನಾಡಿನ ಅಡಿಕೆ ತೋಟದ ಮನೆಯೊಂದರಲ್ಲಿ ನಡೆಯುವ ಭಯಾನಕ ಕಾದಂಬರಿಯ ಮೊದಲ ಕರಡು ಮುಗಿಸಿದ್ದೇನೆ. ನಾಯಕಿ ಹನ್ನೊಂದು ವರ್ಷದ ಹುಡುಗಿ. ಬೇಸಿಗೆ ರಜೆಗೆಂದು ಅಜ್ಜಿಯ ಮನೆಗೆ ಬಂದವಳಿಗೆ ಅಟ್ಟದ ಮೇಲೆ ಯಾರೋ ಇರುವುದು ಗೊತ್ತಾಗುತ್ತದೆ. ಓದಿದ ಸ್ನೇಹಿತರು, "ಮಗು ನಾಯಕಿಯಾದ ಕೂಡಲೇ ಇದು ಮಕ್ಕಳ ಕಥೆಯಾಯಿತು, ಭಯವೇ ಆಗಲಿಲ್ಲ" ಎಂದರು. ನಾನು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲಿ ಮಗು ಹೇಳಿದ್ದನ್ನು ದೊಡ್ಡವರು ನಂಬುವುದಿಲ್ಲ, ಕಥೆ ಬಿಗಿಯಾಗುವುದು ಅದರಿಂದಲೇ. ನನ್ನ ಅಜ್ಜಿಯಾದರೋ ಎರಡನೇ ಅಧ್ಯಾಯದಲ್ಲೇ ನಂಬಿಬಿಡುತ್ತಾಳೆ. ನಂಬದ ಅಜ್ಜಿಯನ್ನು ಬರೆಯಲು ಹೋದರೆ ಸುಳ್ಳೆನಿಸುತ್ತದೆ. ಏನು ಮಾಡಲಿ? ಹುಡುಗಿಯ ಕೈಗೆ ಎಂಥ ಆಯುಧ ಕೊಡಬೇಕು? ಕೊನೆಯಲ್ಲಿ ಅವಳನ್ನು ಸಾಯಿಸಬಹುದೇ?

ಉತ್ತರ: ಅಜ್ಜಿಯನ್ನು ಮುಟ್ಟಬೇಡಿ. ಅವಳು ಎರಡನೇ ಅಧ್ಯಾಯದಲ್ಲೇ ನಂಬಲಿ, ಬೇಕಿದ್ದರೆ ಮೊದಲನೆಯದರಲ್ಲೇ ನಂಬಲಿ. ನಂಬದ ಅಜ್ಜಿ ಸುಳ್ಳೆಂದು ನಿಮ್ಮ ಕಿವಿಗೆ ಕೇಳಿಸಿದ್ದು ಸರಿಯಾಗಿದೆ. ಕಾದಂಬರಿಯ ಜೀವ ಇರುವುದೂ ಆ ತೊಡಕಿನಲ್ಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಅಲ್ಲಿಗೆ ಹೋಗುವ ಮೊದಲು ನಿಮ್ಮ ಸ್ನೇಹಿತರ ಆಕ್ಷೇಪವನ್ನು ನೋಡಿಬಿಡೋಣ.

ಮಗು ಬಂದರೆ ಭಯ ಇಳಿಯುತ್ತದೆ ಎನ್ನುವವರು ಈ ಪ್ರಕಾರದ ಚರಿತ್ರೆಯನ್ನು ಗಮನಿಸಿಲ್ಲ. ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ 'ದ ಟರ್ನ್ ಆಫ್ ದ ಸ್ಕ್ರೂ' ಶುರುವಾಗುವುದೇ ಈ ಚರ್ಚೆಯಿಂದ. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಬೆಂಕಿಯ ಸುತ್ತ ಕುಳಿತವರು ದೆವ್ವದ ಕಥೆಯೊಂದನ್ನು ಕೇಳಿ ಮುಗಿಸಿದ್ದಾರೆ. ಅದರಲ್ಲಿ ದೆವ್ವ ಕಾಣಿಸಿಕೊಂಡದ್ದು ಒಂದು ಚಿಕ್ಕ ಮಗುವಿಗೆ. ಆಗ ಡಗ್ಲಸ್ ಎಂಬಾತ ಕೇಳುತ್ತಾನೆ: ಒಂದು ಮಗುವಿದ್ದರೆ ತಿರುಪು ಇನ್ನೊಂದು ಸುತ್ತು ಬಿಗಿಯುತ್ತದೆ ಎನ್ನುವುದಾದರೆ, ಇಬ್ಬರು ಮಕ್ಕಳಿದ್ದರೆ ಏನೆನ್ನುತ್ತೀರಿ? ಅಲ್ಲಿಂದ ಹತ್ತು ವರ್ಷದ ಮೈಲ್ಸ್, ಎಂಟು ವರ್ಷದ ಫ್ಲೋರಾ, ಅವರನ್ನು ನೋಡಿಕೊಳ್ಳಲು ಬಂದ ತರುಣಿ, ಸತ್ತುಹೋದ ಇಬ್ಬರು ಕೆಲಸದವರು ಮತ್ತೆ ಕಾಣಿಸಿಕೊಳ್ಳುವ ಬ್ಲೈ ಎಂಬ ದೊಡ್ಡ ಮನೆ. ಮಕ್ಕಳ ಚಿಕ್ಕಪ್ಪ ಲಂಡನ್ನಿನಲ್ಲಿ ಕುಳಿತು ಒಂದೇ ಷರತ್ತು ಹಾಕಿದ್ದಾನೆ: ಏನೇ ಆದರೂ ನನಗೆ ತಿಳಿಸಕೂಡದು. ಕಥೆ ಮುಗಿಯುವಾಗ ಮೈಲ್ಸ್ ಆ ತರುಣಿಯ ತೋಳುಗಳಲ್ಲೇ ಸತ್ತಿರುತ್ತಾನೆ. ಅವನನ್ನು ಕೊಂದದ್ದು ದೆವ್ವವೋ, ದೆವ್ವವಿದೆ ಎಂದು ನಂಬಿದ ಅವಳ ಅಪ್ಪುಗೆಯೋ ಎಂಬ ವಾದ ಇವತ್ತಿಗೂ ನಿಂತಿಲ್ಲ. ಇದನ್ನು ಮಕ್ಕಳ ಕಥೆ ಎಂದು ಯಾರೂ ಕರೆದಿಲ್ಲ.

ಕುಶಲತೆಯ ದೃಷ್ಟಿಯಿಂದಲೂ ಮಗು ಬರಹಗಾರನಿಗೆ ದೊಡ್ಡ ಉಪಕಾರ ಮಾಡುತ್ತದೆ. ದೆವ್ವದ ಮನೆಯ ಕಥೆ ಬರೆಯುವ ಎಲ್ಲರನ್ನೂ ಕಾಡುವ ಪ್ರಶ್ನೆ ಒಂದಿದೆ: ಇಷ್ಟೆಲ್ಲ ಆದ ಮೇಲೂ ಇವರು ಆ ಮನೆ ಬಿಟ್ಟು ಹೋಗುವುದಿಲ್ಲವೇಕೆ? ದೊಡ್ಡವರ ಕಥೆಯಲ್ಲಿ ಇದಕ್ಕೆ ಉತ್ತರ ಹುಡುಕಲು ಸಾಲ, ಮಳೆ, ಕುಸಿದ ಸೇತುವೆ, ಕೆಟ್ಟು ನಿಂತ ಕಾರು ಎಲ್ಲವನ್ನೂ ತರಬೇಕಾಗುತ್ತದೆ. ಮಗುವಿಗೆ ಯಾವ ನೆಪವೂ ಬೇಡ. ಯಾವ ಊರಿನಲ್ಲಿರಬೇಕು, ಯಾವ ಕೋಣೆಯಲ್ಲಿ ಮಲಗಬೇಕು, ದೀಪ ಎಷ್ಟು ಹೊತ್ತಿಗೆ ಆರಬೇಕು, ಇದೊಂದೂ ಅದರ ಕೈಯಲ್ಲಿಲ್ಲ. ಸ್ಟೀಫನ್ ಕಿಂಗ್ ಅವರ 1977ರ 'ದ ಶೈನಿಂಗ್' ಕಾದಂಬರಿಯ ಡ್ಯಾನಿಗೆ ಐದೇ ವರ್ಷ. ಮುಂದಾಗುವುದನ್ನೂ ಇತರರ ಮನಸ್ಸನ್ನೂ ಕಾಣುವ ಶಕ್ತಿ ಅವನಿಗಿದೆ. ಅಪ್ಪ ಕೆಲಸಕ್ಕೆ ಸೇರಿದ ಹೋಟೆಲು ಕೆಟ್ಟದ್ದೆಂದು ಅಲ್ಲಿಗೆ ಕಾಲಿಡುವ ಮೊದಲೇ ಅವನಿಗೆ ಗೊತ್ತು. ಅಪ್ಪನಿಗೆ ಬೇರೆ ಕೆಲಸ ಸಿಕ್ಕುವುದಿಲ್ಲವೆಂಬುದೂ, ಅಪ್ಪ ಅಮ್ಮ ಬೇರೆಯಾಗುವ ಯೋಚನೆ ಅವರ ತಲೆಯಲ್ಲಿ ಸುಳಿಯುತ್ತಿದೆ ಎಂಬುದೂ ಗೊತ್ತು. ಅದಕ್ಕೇ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಮೌನ ಇಡೀ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸುವ ಭಾಗ. ಮಗು ಸುಮ್ಮನಿರುವುದು ಹೆದರಿಕೆಯಿಂದಷ್ಟೇ ಎಂದುಕೊಂಡವರು ಮಕ್ಕಳನ್ನು ಹತ್ತಿರದಿಂದ ಕಂಡಿಲ್ಲ. ಅವು ಎಷ್ಟೋ ಸಲ ಮನೆಯವರನ್ನು ಕಾಪಾಡಲೆಂದು ಸುಮ್ಮನಿರುತ್ತವೆ.

ಹಾಗಾದರೆ ನಿಮ್ಮ ಸ್ನೇಹಿತರಿಗೆ ಭಯ ಏಕೆ ಆಗಲಿಲ್ಲ? ಕರಡು ನನ್ನ ಮುಂದಿಲ್ಲ. ಆದರೂ ಇಂಥ ಹಸ್ತಪ್ರತಿಗಳನ್ನು ತಿದ್ದುವವರಿಗೆ ಮತ್ತೆ ಮತ್ತೆ ಎದುರಾಗುವ ಒಂದು ಕೊರತೆಯನ್ನು ಹೇಳುತ್ತೇನೆ: ಹುಡುಗಿ ಕಂಡದ್ದನ್ನೆಲ್ಲ ಅವಳೇ ಅರ್ಥ ಮಾಡಿಕೊಂಡು, ಅವಳೇ ಹೆದರಿ, ಅವಳೇ ನಮಗೆ ವಿವರಿಸುತ್ತಿರುತ್ತಾಳೆ. ಓದುಗನಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಎಂ. ಆರ್. ಜೇಮ್ಸ್ 1895ರಲ್ಲಿ ಪ್ರಕಟಿಸಿದ 'ಲಾಸ್ಟ್ ಹಾರ್ಟ್ಸ್' ಎಂಬ ಸಣ್ಣ ಕಥೆಯನ್ನು ಪೆನ್ಸಿಲ್ ಹಿಡಿದು ಓದಿ. ಸ್ಟೀಫನ್ ಎಂಬ ಅನಾಥ ಹುಡುಗನನ್ನು ವಯಸ್ಸಾದ ನೆಂಟ, ಗ್ರೀಕ್ ರೋಮನ್ ಧರ್ಮಗಳ ವಿದ್ವಾಂಸ ಆಬ್ನಿ, ತನ್ನ ಮನೆಗೆ ಕರೆಸಿಕೊಳ್ಳುತ್ತಾನೆ. ಬಂದ ತಕ್ಷಣ ಕೇಳುವುದು ನಿನಗೆಷ್ಟು ವರ್ಷ, ಹುಟ್ಟಿದ ದಿನ ಯಾವುದು ಎಂದು. ಆ ಲೆಕ್ಕದ ಮೇಲೆ ಅವನಿಗೆ ವಿಚಿತ್ರ ಆಸ್ಥೆ. ಮನೆವಾರ್ತೆ ನೋಡಿಕೊಳ್ಳುವ ಹೆಂಗಸು ಬಹಳ ಪ್ರೀತಿಯಿಂದ ಹೇಳುತ್ತಾಳೆ: ನಮ್ಮ ಯಜಮಾನರ ಮನಸ್ಸು ಎಷ್ಟು ದೊಡ್ಡದು ಗೊತ್ತೇ, ಹಿಂದೆಯೂ ದಿಕ್ಕಿಲ್ಲದ ಒಬ್ಬ ಹುಡುಗಿಯನ್ನು, ಒಬ್ಬ ಹುಡುಗನನ್ನು ಕರೆದು ತಂದಿದ್ದರು, ಇಬ್ಬರೂ ಹೇಳದೆ ಕೇಳದೆ ಹೋಗಿಬಿಟ್ಟರು. ಒಂದು ಬೆಳಿಗ್ಗೆ ಹುಡುಗನ ರಾತ್ರಿಯ ಅಂಗಿ ಎದೆಯ ಎಡಭಾಗದಲ್ಲಿ ಸೀಳಿರುತ್ತದೆ. ಅವಳು ಬೈಯುತ್ತಲೇ ಅದನ್ನು ಹೊಲಿಯಲು ಕೂರುತ್ತಾಳೆ. ಹುಡುಗನಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಓದುವ ನಮಗೆ ಹೊಟ್ಟೆಯಲ್ಲಿ ತಣ್ಣಗಾಗಿರುತ್ತದೆ. ಮಗು ನೋಡುವುದಕ್ಕೂ ನಾವು ತಿಳಿಯುವುದಕ್ಕೂ ನಡುವೆ ಇರುವ ಆ ಅಂತರದಲ್ಲಿ ಭಯ ಹುಟ್ಟುತ್ತದೆ. ನಿಮ್ಮ ಹುಡುಗಿ ಕಡಿಮೆ ತಿಳಿಯಲಿ, ಹೆಚ್ಚು ನೋಡಲಿ. ಅಟ್ಟದ ಮೆಟ್ಟಿಲಲ್ಲಿ ಯಾವುದು ಸವೆದಿದೆ, ಅಡಿಕೆ ಸುಲಿಯುವ ಹೆಂಗಸರು ಯಾವ ಹೆಸರು ಬಂದಾಗ ಮಾತು ನಿಲ್ಲಿಸುತ್ತಾರೆ, ಬಚ್ಚಲಿನ ಹಂಡೆಗೆ ಬೆಂಕಿ ಹಾಕುವವನು ಸಂಜೆಯಾದ ಮೇಲೆ ಯಾವ ಬಾಗಿಲಿನಿಂದ ಮಾತ್ರ ಒಳಗೆ ಬರುತ್ತಾನೆ, ಇಂಥವು ಹನ್ನೊಂದು ವರ್ಷದ ಕಣ್ಣಿಗೆ ಸಹಜವಾಗಿ ಬೀಳುತ್ತವೆ.

ಈಗ ಅಜ್ಜಿಯ ವಿಷಯ.

ದೊಡ್ಡವರು ನಂಬುವುದಿಲ್ಲ ಎಂಬ ತಂತ್ರ ಇಂಗ್ಲಿಷ್ ಭಯದ ಕಥೆಗೆ ಚೆನ್ನಾಗಿ ದುಡಿದಿದೆ. ಅಲ್ಲಿನ ಮಧ್ಯಮವರ್ಗದ ಮನೆಯಲ್ಲಿ ದೆವ್ವದ ಮೇಲಿನ ನಂಬಿಕೆ ಬಾಲ್ಯದ ಜೊತೆಗೆ ಮುಗಿಯಬೇಕಾದ ಸಂಗತಿ, ಹಾಗಾಗಿ ನಂಬುವ ಮಗುವಿಗೂ ನಂಬದ ಅಪ್ಪ ಅಮ್ಮನಿಗೂ ನಡುವೆ ತಾನಾಗಿಯೇ ಗೋಡೆ ಏಳುತ್ತದೆ. ನೀಲ್ ಗೈಮನ್ ಅವರ 2002ರ 'ಕೊರಲೈನ್' ಕಥೆಯಲ್ಲಿ ಅಪ್ಪ ಅಮ್ಮ ಕಾಣೆಯಾದಾಗ ಕೊರಲೈನ್ ಎಂಬ ಹುಡುಗಿ ಪೊಲೀಸರಿಗೆ ಫೋನ್ ಮಾಡುತ್ತಾಳೆ. ಅಧಿಕಾರಿ ಅಕ್ಕರೆಯಿಂದ, ಅಮ್ಮನಿಗೆ ಹೇಳಿ ಬಿಸಿ ಚಾಕೊಲೇಟ್ ಮಾಡಿಸಿಕೊಂಡು ಕುಡಿ, ಒಮ್ಮೆ ಗಟ್ಟಿಯಾಗಿ ಅಪ್ಪಿಕೊಳ್ಳಲು ಹೇಳು ಎನ್ನುತ್ತಾನೆ. ಕಳೆದುಹೋದ ಅಮ್ಮನ ಬಳಿಗೇ ಅವಳನ್ನು ಕಳಿಸುವ ಆ ಉಪಚಾರ ಎದೆ ಹಿಂಡುವಂಥದ್ದು. ಇದೇ ಅಚ್ಚನ್ನು ತೀರ್ಥಹಳ್ಳಿ, ಶಿರಸಿಯ ಮನೆಗಳ ಮೇಲೆ ಒತ್ತಿದರೆ ಕಥೆ ಮುರಿಯುತ್ತದೆ.

ನಮ್ಮಲ್ಲಿ ಮಗು ಬಂದು "ಅಟ್ಟದ ಮೇಲೆ ಯಾರೋ ಇದ್ದಾರೆ" ಎಂದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾಳೆ. ಹಣೆ ಮುಟ್ಟಿ ನೋಡುತ್ತಾಳೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಏಳಲಿಲ್ಲವೆಂದರೆ ದೃಷ್ಟಿ ಬಲವಾಗಿಯೇ ತಾಗಿದೆ ಎಂದು ತೀರ್ಮಾನ. ದೇವರ ಮುಂದೆ ಮುಡಿಪು ಕಟ್ಟಿಡುತ್ತಾರೆ. ತೋಟದ ಮೂಲೆಯ ಚೌಡಿಗೆ ಈ ವರ್ಷ ಹಣ್ಣುಕಾಯಿ ತಪ್ಪಿತೇ ಎಂದು ಅಜ್ಜ ಲೆಕ್ಕ ಹಾಕುತ್ತಾರೆ. ಗಾಳಿ ಸೋಕಿದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಯಾರೋ ಕವಡೆ ಹಾಕಿ ನೋಡುತ್ತಾರೆ, ಯಾರೋ ಮಂತ್ರಿಸಿದ ವಿಭೂತಿ ತರುತ್ತಾರೆ, ಕೊರಳಿಗೆ ತಾಯತ ಬೀಳುತ್ತದೆ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ, ಎಲ್ಲರೂ ಪೂರ್ತಿ ನಂಬಿರುತ್ತಾರೆ. ಆದರೆ ನೀನು ನೋಡಿದ್ದು ಹೇಗಿತ್ತು, ಅದು ನಿನ್ನ ಹತ್ತಿರ ಏನು ಹೇಳಿತು ಎಂದು ಒಬ್ಬರೂ ಮಗುವನ್ನು ಕೇಳುವುದಿಲ್ಲ. ಕೇಳುವ ಅಗತ್ಯ ಅವರಿಗೆ ಕಾಣುವುದಿಲ್ಲ. ಅದು ಯಾರು, ಏಕೆ ಬಂತು, ಪರಿಹಾರವೇನು ಎಲ್ಲವೂ ಅವರಿಗೆ ಆಗಲೇ ತಿಳಿದಿದೆ. ಸಾಕ್ಷಿಯಾಗಿ ಬಂದ ಮಗು ರೋಗಿಯಾಗಿ ಮಲಗುತ್ತದೆ.

ನಮ್ಮ ಕಥೆಗಳಲ್ಲಿ ಮಗುವಿನ ಒಂಟಿತನ ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಗ್ಲಿಷ್ ಕಥೆಯ ಮಗು ಯಾರೂ ನಂಬದೆ ಒಂಟಿಯಾಗುತ್ತದೆ. ನಮ್ಮ ಮಗು ಎಲ್ಲರೂ ನಂಬಿ, ಅದರ ಕೈಯಿಂದ ಅದರ ಅನುಭವವನ್ನೇ ಕಿತ್ತುಕೊಂಡ ಮೇಲೆ ಒಂಟಿಯಾಗುತ್ತದೆ. ದೊಡ್ಡವರು ಹೆಸರಿಟ್ಟ ದೆವ್ವ ಬೇರೆ, ಹುಡುಗಿ ಕಂಡದ್ದು ಬೇರೆ. ಇಡೀ ಮನೆ ಚೌಡಿಯನ್ನು ತಣಿಸುವುದರಲ್ಲಿ ಮುಳುಗಿರುವಾಗ ಅಟ್ಟದ ಮೇಲಿರುವುದು ಚೌಡಿಯಲ್ಲವೆಂದು ಒಬ್ಬಳಿಗೆ ಮಾತ್ರ ಗೊತ್ತು. ಅವಳು ಬಾಯಿ ಬಿಟ್ಟಷ್ಟೂ ಅವಳ ಮೈಮೇಲೆ ಬಂದಿದೆ ಎಂಬುದಕ್ಕೆ ಸಾಕ್ಷ್ಯ ಹೆಚ್ಚುತ್ತದೆ. ಇದಕ್ಕಿಂತ ಬಿಗಿಯಾದ ಬಲೆ ನಂಬದ ಅಪ್ಪ ಅಮ್ಮನಿಂದ ಸಿಗಲಾರದು.

ಅಜ್ಜಿ ಇಷ್ಟು ಬೇಗ ನಂಬಿದಳೇಕೆ ಎಂಬ ಪ್ರಶ್ನೆಯನ್ನೂ ಕಾದಂಬರಿ ಕೇಳಲಿ. ಎರಡನೇ ಅಧ್ಯಾಯದಲ್ಲಿ ಅದು ಅಕ್ಕರೆಯಂತೆ ಕಾಣುತ್ತದೆ. ಎಂಟನೇ ಅಧ್ಯಾಯಕ್ಕೆ ಬರುವಾಗ ಅದೇ ಆತುರ ನಮ್ಮನ್ನು ನಡುಗಿಸುವಂತೆ ಮಾಡಬಹುದು. ಅವಳು ಬೆಚ್ಚಿಬೀಳದಿದ್ದುದು ಬಹಳ ವರ್ಷಗಳಿಂದ ಇದಕ್ಕೇ ಕಾಯುತ್ತಿದ್ದುದರಿಂದ. ಅಟ್ಟದ ಮೇಲೆ ಇರುವವರು ಯಾರೆಂದು ಅವಳಿಗೆ ಗೊತ್ತು. ಚೌಡಿಯ ಹೆಸರು ಹೇಳಿದ್ದು ನಿಜವಾದ ಹೆಸರನ್ನು ಹೇಳಬಾರದೆಂದು. ಹಳೆಯ ದೊಡ್ಡ ಮನೆಗಳಲ್ಲಿ ಹೆಸರೆತ್ತಬಾರದ ಒಬ್ಬ ಅತ್ತೆಯೋ, ಬಾಲವಿಧವೆಯಾಗಿ ಹಿಂಬದಿಯ ಕೋಣೆಯಲ್ಲಿ ಬದುಕು ಸವೆಸಿದ ಒಬ್ಬ ದೊಡ್ಡಮ್ಮನೋ ಇದ್ದೇ ಇರುತ್ತಾರೆ.

ನಂಬುವ ಹಿರಿಯರು ಇಂಗ್ಲಿಷಿನಲ್ಲೂ ಇಲ್ಲದಿಲ್ಲ. ಅವರಿರುವ ಪುಸ್ತಕಗಳಿಂದಲೇ ನಿಮಗೆ ಹೆಚ್ಚು ಕಲಿಯಲು ಸಿಗುತ್ತದೆ. ರೋಲ್ಡ್ ಡಾಲ್ ಅವರ 1983ರ 'ದ ವಿಚಸ್' ಕಥೆಯಲ್ಲಿ ನಾರ್ವೆಯ ಅಜ್ಜಿಯೊಬ್ಬಳಿದ್ದಾಳೆ. ಸಿಗಾರ್ ಸೇದುತ್ತ ಮೊಮ್ಮಗನಿಗೆ ಮಾಟಗಾತಿಯರನ್ನು ಗುರುತಿಸುವುದು ಹೇಗೆಂದು ಪಾಠ ಹೇಳುತ್ತಾಳೆ. ಅವಳಿಗಿಂತ ಹೆಚ್ಚು ನಂಬುವವರು, ತಿಳಿದವರು ಬೇರೆ ಯಾರಿದ್ದಾರೆ? ಆದರೂ ಹುಡುಗ ಇಲಿಯಾಗುತ್ತಾನೆ. ಅವಳ ತಿಳಿವಳಿಕೆ ಅವನನ್ನು ಸಿದ್ಧಗೊಳಿಸುತ್ತದೆ, ಉಳಿಸುವುದಿಲ್ಲ. 'ದ ಶೈನಿಂಗ್'ನ ಅಡುಗೆಯವ ಹ್ಯಾಲೊರನ್‌ಗೆ ಡ್ಯಾನಿಯಂಥದ್ದೇ ಶಕ್ತಿಯಿದೆ. ಇಲ್ಲಿ ಕಾಣುವುದೆಲ್ಲ ಪುಸ್ತಕದ ಚಿತ್ರಗಳಿದ್ದಂತೆ, ನಿನಗೇನೂ ಮಾಡಲಾರವು ಎಂದು ಅವನು ಧೈರ್ಯ ಹೇಳಿ ಹೋಗುತ್ತಾನೆ. 217ನೇ ಕೋಣೆಯಲ್ಲಿ ಡ್ಯಾನಿ ಕಣ್ಣು ಮುಚ್ಚಿ ಅದನ್ನೇ ಜಪಿಸುತ್ತಾನೆ. ಸತ್ತ ಹೆಂಗಸಿನ ಕೈಗಳು ಅವನ ಕುತ್ತಿಗೆ ಹಿಡಿಯುತ್ತವೆ. ಒಳ್ಳೆಯವನು, ತಿಳಿದವನು, ಮಗುವನ್ನು ನಂಬಿದವನು ಕೊಟ್ಟ ಸೂತ್ರ ಸುಳ್ಳಾದ ಗಳಿಗೆ ಅದು. ನಿಮ್ಮ ಅಜ್ಜಿ ಕಟ್ಟುವ ತಾಯತಕ್ಕೆ ಇಂಥ ಒಂದು ಗಳಿಗೆಯನ್ನು ಬರೆಯಿರಿ.

ರೇ ಬ್ರಾಡ್‌ಬರಿ ಅವರ 1962ರ 'ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್' ಇನ್ನೂ ಒಂದು ಹೆಜ್ಜೆ ಮುಂದಿದೆ. ಅಕ್ಟೋಬರ್ ತಿಂಗಳಲ್ಲಿ ಊರಿಗೆ ಬರುವ ಜಾತ್ರೆಯೊಂದರ ತಿರುಗುಕುದುರೆಯ ಮೇಲೆ ಕುಳಿತರೆ ಮುಂದಕ್ಕೆ ತಿರುಗಿದಾಗ ವಯಸ್ಸು ಏರುತ್ತದೆ, ಹಿಂದಕ್ಕೆ ತಿರುಗಿದಾಗ ಇಳಿಯುತ್ತದೆ. ಹದಿಮೂರರ ಜಿಮ್‌ಗೆ ಬೇಗ ದೊಡ್ಡವನಾಗುವ ಹಸಿವು. ಗೆಳೆಯ ವಿಲ್‌ನ ಅಪ್ಪ ಚಾರ್ಲ್ಸ್‌ಗೆ ಐವತ್ತನಾಲ್ಕು, ಗ್ರಂಥಾಲಯದ ಕಸ ಗುಡಿಸುವವನು, ಮಗನ ಜೊತೆ ಓಡಲಾಗದ ತನ್ನ ವಯಸ್ಸಿನ ಬಗ್ಗೆ ಅವನಿಗೆ ಒಳಗೊಳಗೇ ಕೊರಗು. ಅಪ್ಪ ಮಕ್ಕಳನ್ನು ನಂಬುತ್ತಾನೆ, ಆದರೆ ಆ ಜಾತ್ರೆಯ ಆಮಿಷ ಅವನನ್ನೂ ಎಳೆಯುತ್ತದೆ. ದೊಡ್ಡವರನ್ನು ದಡ್ಡರನ್ನಾಗಿ ಮಾಡುವ ಬರಹಗಾರ ಸುಲಭದ ದಾರಿ ಹಿಡಿದಿದ್ದಾನೆ ಎಂದು ನಾನು ಹೇಳುವುದು ಈ ಪುಸ್ತಕವನ್ನು ನೆನೆದೇ. ಹಿರಿಯರಿಗೂ ಒಂದು ಆಸೆ, ಒಂದು ನೋವು ಇರಲಿ, ಅದರ ಎಳೆ ಹಿಡಿದೇ ಆ ಶಕ್ತಿ ಅವರನ್ನು ಮುಟ್ಟಲಿ.

ನಮ್ಮ ನೆಲದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1990ರ ದಶಕದಲ್ಲಿ ಕರ್ನಾಟಕದ ಅನೇಕ ಕಡೆ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ನಿಮಗೆ ತಿಳಿದಿರುತ್ತದೆ. ರಾತ್ರಿ ಒಂದು ಹೆಣ್ಣು ದೆವ್ವ ಬರುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ, ಬರಹ ಕಂಡರೆ ಮರಳಿ ಹೋಗಿ ಮರುದಿನ ಮತ್ತೆ ಬರುತ್ತದೆ ಎಂಬ ವದಂತಿ. ಇದು ದೊಡ್ಡವರೇ ನಂಬಿದ ಕಥೆ. ಸುಣ್ಣದಲ್ಲೋ ಬಣ್ಣದಲ್ಲೋ ಬರೆದವರೂ ದೊಡ್ಡವರೇ. ಇದರೊಳಗೆ ಒಂದು ಮಗುವನ್ನು ನಿಲ್ಲಿಸಿ ನೋಡಿ. ಪಕ್ಕದ ಮನೆಯಿಂದ ತಡವಾಗಿ ಹೊರಟ ಹುಡುಗಿ ಕತ್ತಲಲ್ಲಿ ಮನೆಗೆ ಬರುತ್ತಾಳೆ. ಬಾಗಿಲು ಮುಚ್ಚಿದೆ. "ಅಮ್ಮಾ" ಎಂದು ಕರೆಯುತ್ತಾಳೆ. ಒಳಗಿರುವ ಅಮ್ಮನಿಗೆ ಮಗಳ ದನಿ ಸ್ಪಷ್ಟವಾಗಿ ಕೇಳಿಸುತ್ತದೆ, ಅದಕ್ಕೇ ಬಾಗಿಲು ತೆರೆಯುವುದಿಲ್ಲ. ಹುಡುಗಿ ಎಷ್ಟು ಅತ್ತರೆ ಅಷ್ಟು ಗಟ್ಟಿಯಾಗಿ ಅಗುಳಿ ಬೀಳುತ್ತದೆ. ಅದೇ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಇನ್ನೊಬ್ಬರು ಅವಳದೇ ದನಿಯಲ್ಲಿ "ಅಮ್ಮಾ" ಎನ್ನುತ್ತಾರೆ. ತಾಯಿಯ ನಂಬಿಕೆಯೇ ಮಗುವನ್ನು ಹೊರಗೆ ನಿಲ್ಲಿಸಿದ ಇಂಥ ದೃಶ್ಯವನ್ನು ನಂಬದ ಅಮ್ಮ ಕೊಡಲಾರಳು. ನಿಮ್ಮ ಕಾದಂಬರಿಗೆ ಇದೇ ಬೇಕೆಂದೇನೂ ಇಲ್ಲ, ಇಂಥ ಒಂದು ಬೇಕು.

ಬಿಡಿಸುವವನನ್ನು ಕರೆಸುವ ಅಧ್ಯಾಯ ನಿಮ್ಮ ಕರಡಿನಲ್ಲಿ ಇರಬಹುದೆಂದು ಊಹಿಸುತ್ತೇನೆ. ಅಲ್ಲಿ ಜಾಗ್ರತೆ ಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಹಿಂಸಿಸುವುದು ನಿಜವಾಗಿ ನಡೆದು ನಿಜವಾದವರ ಮೈಮೇಲೆ ಗುರುತು ಬಿಟ್ಟಿದೆ. ಇಂಥದ್ದನ್ನು ತಡೆಯಲು ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ, ಅದು ಜಾರಿಗೆ ಬಂದದ್ದು 2020ರಲ್ಲಿ. ಬೇವಿನ ಸೊಪ್ಪು, ಬೆತ್ತ, ಹೊಗೆ ಇವನ್ನು ರೋಮಾಂಚನಕ್ಕೆಂದು ಬರೆದರೆ, ಬೆತ್ತ ಹಿಡಿದವನು ಗೆದ್ದು ಹುಡುಗಿ 'ಗುಣ'ವಾದಳು ಎಂದು ಮುಗಿಸಿದರೆ, ಕಥೆ ಆ ಹಿಂಸೆಯ ಪರ ನಿಂತಂತೆ. ಹುಡುಗಿಯ ಕಣ್ಣಿನಿಂದ ಬರೆಯಿರಿ. ಹಿಡಿದುಕೊಂಡಿರುವ ಕೈಗಳು ಅಪ್ಪನವು, ಮಾವನವು. ಅಟ್ಟದ ಮೇಲಿರುವುದು ಇಳಿದು ಬಂದು ಬಾಗಿಲಲ್ಲಿ ನಿಂತು ಇವರೆಲ್ಲರನ್ನೂ ನೋಡುತ್ತಿದೆ, ಅದಕ್ಕೂ ಹುಡುಗಿಗೂ ಮಾತ್ರ ಪರಸ್ಪರ ಕಾಣುತ್ತಿದೆ. ಆ ಗಳಿಗೆಯಲ್ಲಿ ಅವಳು ಯಾರಿಗೆ ಹೆಚ್ಚು ಹೆದರುತ್ತಾಳೆ ಎಂಬುದು ನೀವು ಪ್ರಾಮಾಣಿಕವಾಗಿ ತೀರ್ಮಾನಿಸಬೇಕಾದ ಸಂಗತಿ. ಪ್ರಹ್ಲಾದನ ಕಥೆ ಕೇಳಿ ಬೆಳೆದ ನಮಗೆ ಮನೆಯ ಯಜಮಾನನೇ ಮಗುವಿಗೆ ಅಪಾಯವಾಗುವುದು ಹೊಸದೇನಲ್ಲ.

ಆಯುಧದ ಪ್ರಶ್ನೆಗೆ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎರಡೂ ಕಿಂಗ್ ಅವರ 1975ರ 'ಸೇಲಂಸ್ ಲಾಟ್' ಕಾದಂಬರಿಯವು. ಸತ್ತು ವ್ಯಾಂಪೈರ್ (ರಕ್ತ ಹೀರುವ ಪಿಶಾಚಿ) ಆದ ಗೆಳೆಯ ರಾತ್ರಿ ಕಿಟಕಿಯ ಹೊರಗೆ ತೇಲುತ್ತ ಒಳಗೆ ಕರೆ ಎನ್ನುತ್ತಾನೆ. ಮಾರ್ಕ್ ಎಂಬ ಹುಡುಗ ತನ್ನ ಆಟಿಕೆಯ ಸ್ಮಶಾನದಿಂದ ಒಂದು ಪ್ಲಾಸ್ಟಿಕ್ ಶಿಲುಬೆ ಕಿತ್ತು ಅವನ ಕೆನ್ನೆಗೆ ಒತ್ತುತ್ತಾನೆ. ಅದು ಸುಡುತ್ತದೆ. ಮುಂದೆ ಊರಿನ ಪಾದ್ರಿ ಕ್ಯಾಲಹನ್ ನಿಜವಾದ ಶಿಲುಬೆ ಹಿಡಿದು ಅದೇ ಶಕ್ತಿಯ ಎದುರು ನಿಲ್ಲುತ್ತಾನೆ. ಶಿಲುಬೆ ಎಸೆದು ಬರಿಗೈಯಲ್ಲಿ ಎದುರಿಸು ಎಂಬ ಸವಾಲಿಗೆ ಅವನು ತಡವರಿಸಿದ್ದೇ ತಡ, ಅದರ ಹೊಳಪು ಆರಿಹೋಗುತ್ತದೆ. ಹುಡುಗನ ಆಟಿಕೆ ಕೆಲಸ ಮಾಡುತ್ತದೆ, ಪಾದ್ರಿಯ ಪವಿತ್ರ ವಸ್ತು ಕೆಲಸ ಮಾಡುವುದಿಲ್ಲ. ಅವರದೇ 1986ರ 'ಇಟ್'ನಲ್ಲೂ ಇದೇ ತರ್ಕ: ಆಸ್ತಮಾ ಇದೆಯೆಂದು ತಾಯಿ ನಂಬಿಸಿದ ಎಡ್ಡಿಯ ಇನ್‌ಹೇಲರ್‌ನಲ್ಲಿ ಇರುವುದು ಬರೀ ಕರ್ಪೂರ ಬೆರೆಸಿದ ನೀರು. ಅದನ್ನು ಆಸಿಡ್ ಎಂದುಕೊಂಡು ಅವನು ಮಕ್ಕಳನ್ನು ಬೇಟೆಯಾಡುವ ಪ್ರಾಣಿಯ ಮೇಲೆ ಸಿಂಪಡಿಸಿದಾಗ ಅದು ನಿಜವಾಗಿಯೂ ಸುಡುತ್ತದೆ.

ಇದನ್ನು ಓದಿ 'ಮಗುವಿನ ಶುದ್ಧ ನಂಬಿಕೆ ಗೆಲ್ಲುತ್ತದೆ' ಎಂಬ ಸೂತ್ರ ಹಿಡಿದವರು ಬಹಳ. ಆ ಸೂತ್ರ ನನಗೆ ಸಾಲದು. ಆ ಶಿಲುಬೆ ಮಾರ್ಕ್‌ನ ಕೈಗೆ ಸಿಕ್ಕಿದ್ದು ಅವನು ರಾಕ್ಷಸರ ಮಾದರಿಗಳನ್ನು ಜೋಡಿಸುವುದರಲ್ಲೇ ದಿನ ಕಳೆಯುವ ಹುಡುಗನಾದ್ದರಿಂದ. ಒಳಗೆ ಕರೆಯದೆ ಅವು ಬರಲಾರವು ಎಂಬುದು ಅವನಿಗೆ ಪಾಠದಷ್ಟೇ ಸ್ಪಷ್ಟ. ಕೊರಲೈನ್ ಕೊನೆಯಲ್ಲಿ ಬೆನ್ನುಹತ್ತಿದ, ಅಪ್ಪ ಅಮ್ಮನನ್ನು ಕದ್ದವಳ ತುಂಡಾದ ಕೈಯನ್ನು ಸೋಲಿಸುವುದು ಪಾಳುಬಾವಿಯ ಬಾಯಿಗೆ ಬಟ್ಟೆ ಹಾಸಿ, ಗೊಂಬೆಗಳಿಗೆ ಚಹಾ ಕೊಡುವ ಆಟ ಹೂಡಿ. ಅವಳು ಆಡುತ್ತಿದ್ದಾಳೆಂದೇ ಆ ಕೈಯೂ ನಂಬುತ್ತದೆ. ಮಗು ದಿನವೂ ಮಾಡುವ ಕೆಲಸದಿಂದಲೇ ಆಯುಧ ಬರಬೇಕು. ನಿಮ್ಮ ಹುಡುಗಿಗೆ ಏನು ಬರುತ್ತದೆ? ಕುಂಟೆಬಿಲ್ಲೆಯಲ್ಲಿ ಗೆರೆ ಮುಟ್ಟದೆ ದಾಟುವುದೇ? ಚೌಕಾಬಾರದಲ್ಲಿ ಕವಡೆ ಎಣಿಸಿ ಮುಂದಿನ ಮನೆ ಲೆಕ್ಕ ಹಾಕುವುದೇ? ಮಗ್ಗಿ ತಪ್ಪಿಲ್ಲದೆ ಹಿಂದಿನಿಂದ ಹೇಳುವುದೇ? ಮೊದಲ ಮೂರು ಅಧ್ಯಾಯಗಳಲ್ಲಿ ಅದನ್ನು ಯಾವ ಒತ್ತೂ ಕೊಡದೆ ಬರೆದಿಡಿ.

ಆಯುಧಕ್ಕೆ ಬೆಲೆ ಬರಬೇಕಾದರೆ ಆ ಶಕ್ತಿಗೊಂದು ನಿಯಮ ಇರಲೇಬೇಕು. ಏನು ಬೇಕಾದರೂ ಮಾಡಬಲ್ಲ ದೆವ್ವದ ಮುಂದೆ ಯಾರೂ ಏನೂ ಮಾಡಲಾರರು, ಓದುಗನೂ ಬೇಗ ಕೈಚೆಲ್ಲುತ್ತಾನೆ. ಬಂಗಾಳಿಯಲ್ಲಿ ದಕ್ಷಿಣಾರಂಜನ ಮಿತ್ರ ಮಜುಂದಾರರು 1907ರಲ್ಲಿ ಪ್ರಕಟಿಸಿದ 'ಠಾಕುರ್‌ಮಾರ್ ಝುಲಿ' ಸಂಗ್ರಹದ ಲಾಲಕಮಲ, ನೀಲಕಮಲರ ಕಥೆ ಇದಕ್ಕೆ ಒಳ್ಳೆಯ ಮಾದರಿ. ರಾತ್ರಿ ಕಾವಲು ಕಾಯುವ ಸೋದರರನ್ನು ಬಾಗಿಲ ಹೊರಗಿನಿಂದ ರಾಕ್ಷಸರು ಯಾರು ಎಚ್ಚರವಿದ್ದೀರಿ ಎಂದು ಕೇಳುತ್ತಾರೆ. ಉತ್ತರದಲ್ಲಿ ನೀಲಕಮಲನ ಹೆಸರೇ ಮೊದಲು ಬರಬೇಕು, ಏಕೆಂದರೆ ಅವನಲ್ಲಿ ರಾಕ್ಷಸ ರಕ್ತವಿದೆ, ಅವನಿಗೆ ಅವು ಹೆದರುತ್ತವೆ. ನಿದ್ದೆಗಣ್ಣಿನಲ್ಲಿ ಲಾಲಕಮಲ ಒಮ್ಮೆ ತನ್ನ ಹೆಸರನ್ನು ಮೊದಲು ಹೇಳಿಬಿಡುತ್ತಾನೆ. ಅಷ್ಟೇ ಸಾಕು. ನಿಯಮ ಸರಳ, ಕೇಳುವ ಮಗುವಿಗೂ ನೆನಪಿರುತ್ತದೆ, ಅದು ತಪ್ಪುವ ಕಾರಣ ನಿದ್ದೆಯಷ್ಟು ಸಹಜ.

ಇನ್ನು ಸಾವು. ಸಾಯಿಸಬಹುದು, ಮಾಡಬಾರದೆಂಬ ನಿಷೇಧವೇನೂ ಇಲ್ಲ. ಗಿಯೆರ್ಮೊ ದೆಲ್ ತೋರೊ ಅವರ 2006ರ ಚಿತ್ರ 'ಪ್ಯಾನ್ಸ್ ಲ್ಯಾಬಿರಿಂತ್' 1944ರ ಸ್ಪೇನಿನಲ್ಲಿ ನಡೆಯುತ್ತದೆ. ಒಫೀಲಿಯಾ ಎಂಬ ಹುಡುಗಿ ಹಸುಗೂಸು ತಮ್ಮನ ಒಂದು ಹನಿ ರಕ್ತವನ್ನೂ ಕೊಡಲೊಪ್ಪದೆ ನಿಂತಾಗ ಮಲತಂದೆಯ ಗುಂಡಿಗೆ ಬಲಿಯಾಗುತ್ತಾಳೆ. ಆ ಸಾವನ್ನು ನಾನು ಒಪ್ಪುತ್ತೇನೆ. ಅದು ಅವಳ ನಿರ್ಧಾರದ ಫಲ, ಹೊಡೆದದ್ದು ದೆವ್ವವೂ ಅಲ್ಲ, ಸಮವಸ್ತ್ರ ತೊಟ್ಟ ಮನುಷ್ಯ. ಓದುಗನನ್ನು ಬೆಚ್ಚಿಬೀಳಿಸಲೆಂದು ಕೊನೆಯ ಪುಟದಲ್ಲಿ ಮಗುವನ್ನು ಕೊಲ್ಲುವುದನ್ನು ಮಾತ್ರ ಒಪ್ಪಲಾರೆ.

ಸಾವಿಗಿಂತ ಆಳಕ್ಕೆ ಇಳಿಯುವ ಬೆಲೆಗಳು ಬೇರೆ ಇವೆ. 'ದ ವಿಚಸ್'ನ ಹುಡುಗ ಕೊನೆಗೂ ಇಲಿಯಾಗಿಯೇ ಉಳಿಯುತ್ತಾನೆ. ಇಲಿಮನುಷ್ಯನಿಗೆ ಒಂಬತ್ತು ವರ್ಷ ಆಯಸ್ಸು ಎಂದು ತಿಳಿದಾಗ ಅವನಿಗೆ ಸಂತೋಷ, ಏಕೆಂದರೆ ಅಜ್ಜಿಗೆ ಎಂಬತ್ತಾರು, ಅವಳಿಲ್ಲದ ಬದುಕು ಅವನಿಗೆ ಬೇಡ. 1990ರ ಚಲನಚಿತ್ರ ಅವನನ್ನು ಮತ್ತೆ ಹುಡುಗನನ್ನಾಗಿ ಮಾಡಿತು. ಡಾಲ್ ಅದನ್ನು ಇಷ್ಟಪಡಲಿಲ್ಲ, ಅವರ ಅಸಮಾಧಾನ ನ್ಯಾಯವಾದದ್ದು. 'ಇಟ್'ನಲ್ಲಿ ಗೆದ್ದ ಮಕ್ಕಳು ಊರು ಬಿಟ್ಟು ದೊಡ್ಡವರಾದಂತೆ ಎಲ್ಲವನ್ನೂ ಮರೆಯುತ್ತಾರೆ, ಒಬ್ಬರನ್ನೊಬ್ಬರು ಕೂಡ. ನಿಮ್ಮ ಹುಡುಗಿ ಅಟ್ಟದ ಮೇಲಿನವಳ ನಿಜವಾದ ಹೆಸರನ್ನು ಎಲ್ಲರೆದುರು ಹೇಳಿ ಅವಳನ್ನು ಬಿಡುಗಡೆ ಮಾಡುವುದಾದರೆ, ಅದರ ಬೆಲೆ ಅಜ್ಜಿಯೇ ಆಗಬಹುದು. ಆ ಹೆಸರು ಹೊರಬಿದ್ದ ಮೇಲೆ ಅಜ್ಜಿಯ ಮನೆಯ ಬಾಗಿಲು ಮೊಮ್ಮಗಳಿಗೆ ಮೊದಲಿನಂತೆ ತೆರೆಯುವುದಿಲ್ಲ. ಮುಂದಿನ ಬೇಸಿಗೆಗೆ ಅವಳನ್ನು ಯಾರೂ ಕರೆಯುವುದಿಲ್ಲ. ಹನ್ನೊಂದು ವರ್ಷದವಳಿಗೆ ಇದು ಸಣ್ಣ ನಷ್ಟವಲ್ಲ.

ಎರಡನೇ ಕರಡು ಮುಗಿದ ಮೇಲೆ ಸ್ನೇಹಿತರಿಗೆ ಕೊಡುವ ಮೊದಲು ಹನ್ನೊಂದು ಹನ್ನೆರಡರ ಒಬ್ಬ ಹುಡುಗಿಗೆ, ಅವಳ ಮನೆಯವರ ಒಪ್ಪಿಗೆ ಪಡೆದು, ಕೆಲವು ಅಧ್ಯಾಯಗಳನ್ನು ಓದಿ ಹೇಳಿ. ಭಯವಾಯಿತೇ ಎಂದು ಕೇಳಬೇಡಿ, ಮಕ್ಕಳು ಅದಕ್ಕೆ ಧೈರ್ಯದ ಉತ್ತರವನ್ನೇ ಕೊಡುತ್ತಾರೆ. ನೀನಾಗಿದ್ದರೆ ಇಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿ. ಅವಳ ಉಪಾಯ ನಿಮ್ಮ ನಾಯಕಿಯ ಉಪಾಯಕ್ಕಿಂತ ಚೆನ್ನಾಗಿದ್ದರೆ ಆ ಅಧ್ಯಾಯವನ್ನು ಮತ್ತೆ ಬರೆಯಿರಿ.